ದಶಕಗಳ ಕಾಲ ನಿಂತ ಜಾವಾ 250: ದೋಷ ಪತ್ತೆ ಮತ್ತು ನಿವಾರಣೆಯ ಕ್ರಮ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು 1960ರ ದಶಕದ ಆರಂಭದಿಂದ 1996ರವರೆಗೆ, ಮೊದಲು ಜಾವಾ ಎಂಬ ಹೆಸರಿನಲ್ಲಿ, 1970ರ ದಶಕದಿಂದೀಚೆಗೆ ಯೆಜ್ಡಿ ಎಂಬ ಹೆಸರಿನಲ್ಲಿ ತಯಾರಿಸಿದ 250 ಸಿಸಿ ಟೂ-ಸ್ಟ್ರೋಕ್ ಬೈಕುಗಳಲ್ಲಿ ಎಷ್ಟೋ ಇಂದಿಗೂ ಕೊಟ್ಟಿಗೆಯ ಮೂಲೆಯಲ್ಲೋ ಹಿತ್ತಲ ಶೆಡ್ಡಿನಲ್ಲೋ ನಿಂತಿವೆ. ಅಂಥ ಗಾಡಿಯೊಂದನ್ನು ಹೊರಗೆಳೆದಾಗ ನಮ್ಮ ಮುಂದಿರುವುದು ಎರಡು ಬಗೆಯ ದೋಷಗಳು: ಓಡಿ ಸವೆದದ್ದರಿಂದ ಬಂದವು ಕೆಲವು, ಸುಮ್ಮನೆ ನಿಂತದ್ದರಿಂದ ಬಂದವು ಕೆಲವು. ಚೆನ್ನಾಗಿ ಓಡುತ್ತಿದ್ದಾಗಲೇ ನಿಲ್ಲಿಸಿದ ಗಾಡಿಯಾದರೆ ಎರಡನೆಯ ಬಗೆಯೇ ಹೆಚ್ಚು, ಮತ್ತು ಅದರಲ್ಲಿ ಬಹುಪಾಲು ಎಂಜಿನ್ನನ್ನು ಪೂರ್ತಿ ಬಿಚ್ಚದೆಯೇ ಪತ್ತೆ ಮಾಡಬಹುದಾದದ್ದು. ಆದರೂ ಇಂಥ ಗಾಡಿ ಗ್ಯಾರೇಜಿಗೆ ಹೋದೊಡನೆ ಮೊದಲು ಬಿಚ್ಚಲ್ಪಡುವುದು ಕಾರ್ಬ್ಯುರೇಟರ್, ನಂತರ ಸಿಲಿಂಡರ್. ಕೊನೆಯವರೆಗೂ ಯಾರೂ ನೋಡದೆ ಉಳಿಯುವುದು ಕ್ರ್ಯಾಂಕಿನ (ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿಸುವ ದಂಡದ) ಎರಡು ತುದಿಗಳಲ್ಲಿರುವ ರಬ್ಬರಿನ ಆಯಿಲ್ ಸೀಲುಗಳು. ಹಳೆಯ ಟೂ-ಸ್ಟ್ರೋಕ್ ಎಂಜಿನ್ನುಗಳ ವಿಷಯದಲ್ಲಿ ನನಗೆ ಹೇಳಬೇಕೆನಿಸುವ ಮುಖ್ಯ ಮಾತು ಇದೇ: ಆ ಸೀಲುಗಳ ಸ್ಥಿತಿ ತಿಳಿಯುವವರೆಗೆ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ.

ಇಲ್ಲಿ ಹೇಳಿರುವ ಕ್ರಮವು 6 ವೋಲ್ಟ್ ಡೈನಮೊ, ಬ್ಯಾಟರಿ, ಸಿ.ಬಿ. ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಕಡಿದು ಜೋಡಿಸುವ ಕಾಂಟ್ಯಾಕ್ಟ್ ಬ್ರೇಕರ್) ಇರುವ ಒಂಟಿ ಸಿಲಿಂಡರಿನ ಜಾವಾ 250 ಮತ್ತು ಅದೇ ಮಾದರಿಯ ಹಳೆಯ ಯೆಜ್ಡಿಗಳಿಗೆ ಅನ್ವಯಿಸುತ್ತದೆ. ಎಂಜಿನ್ನಿನ ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ.; ಒಂದೇ ಸಿಲಿಂಡರಿಗೆ ಎರಡು ಎಕ್ಸಾಸ್ಟ್ ಪೋರ್ಟು, ಎರಡು ಸೈಲೆನ್ಸರು. ಸವಾರಿಗೆ ಕುಳಿತವರ ಬಲಗಡೆ ಡೈನಮೊ ಮತ್ತು ಪಾಯಿಂಟ್, ಎಡಗಡೆ ಪ್ರೈಮರಿ ಚೈನ್ ಮತ್ತು ಕ್ಲಚ್. ಈ ಎಡ-ಬಲದ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಬರುವ ಅರ್ಧದಷ್ಟು ಪರೀಕ್ಷೆಗಳು ತಾವಾಗಿ ಅರ್ಥವಾಗುತ್ತವೆ.

ಕಿಕ್ ಹೊಡೆಯುವ ಮೊದಲು

ವರ್ಷಗಟ್ಟಲೆ ನಿಂತ ಗಾಡಿಯನ್ನು ಕಂಡೊಡನೆ ಕಿಕ್ ಹೊಡೆಯುವುದು ಎಲ್ಲರಿಗೂ ಬರುವ ಆಸೆ, ಅದನ್ನು ತಡೆದುಕೊಳ್ಳಬೇಕು. ಸಿಲಿಂಡರಿನ ಗೋಡೆಗೆ ತುಕ್ಕು ಹಿಡಿದಿದ್ದರೆ ಒಣಗಿದ ರಿಂಗುಗಳು ಆ ತುಕ್ಕನ್ನು ಕೆರೆದುಕೊಂಡು ಮೇಲೆ ಕೆಳಗೆ ಓಡಾಡುತ್ತವೆ, ಆ ಪುಡಿಯು ಟ್ರಾನ್ಸ್‌ಫರ್ ಪೋರ್ಟುಗಳ (ಸಿಲಿಂಡರಿನ ಗೋಡೆಯಲ್ಲಿ ಪೆಟ್ರೋಲಿನ ಮಿಶ್ರಣ ಮೇಲೇರುವ ದಾರಿಗಳ) ಮೂಲಕ ಕೆಳಗಿಳಿದು ಕ್ರ್ಯಾಂಕಿನ ಬೇರಿಂಗುಗಳಲ್ಲಿ ಸೇರುತ್ತದೆ. ಟೂ-ಸ್ಟ್ರೋಕಿನಲ್ಲಿ ಕೆಳಗೆ ಎಣ್ಣೆಯ ತೊಟ್ಟಿ ಇಲ್ಲ, ಫಿಲ್ಟರೂ ಇಲ್ಲ. ಒಳಗೆ ಬಿದ್ದ ಕಸವನ್ನು ತೊಳೆದು ಹೊರಹಾಕುವ ದಾರಿಯೇ ಇಲ್ಲ.

ಪ್ಲಗ್ ಬಿಚ್ಚಿ, ಟಾರ್ಚಿನ ಬೆಳಕಿನಲ್ಲಿ ಒಳಗೆ ನೋಡಿ. ಪಿಸ್ಟನ್ನಿನ ತಲೆ ಕಪ್ಪಗೆ, ಒಣ ಇಂಗಾಲದಿಂದ ಕೂಡಿದ್ದರೆ ಒಳ್ಳೆಯದು. ಕಿತ್ತಳೆ ಬಣ್ಣದ ಪುಡಿ ಕಂಡರೆ ತೇವ ಒಳಹೊಕ್ಕಿದೆ. ಸಾಧ್ಯವಿದ್ದರೆ ಎರಡೂ ಸೈಲೆನ್ಸರ್ ಪೈಪುಗಳನ್ನು ಬಿಚ್ಚಿ ಎಕ್ಸಾಸ್ಟ್ ಪೋರ್ಟಿನ ಮೂಲಕವೂ ನೋಡಬೇಕು, ಏಕೆಂದರೆ ಅಲ್ಲಿಂದ ಪಿಸ್ಟನ್ನಿನ ಪಕ್ಕ ಮತ್ತು ಕೆಲವು ಸ್ಥಾನಗಳಲ್ಲಿ ರಿಂಗುಗಳೂ ಕಾಣುತ್ತವೆ. ಸೈಲೆನ್ಸರಿನ ಬಾಯಿಯಲ್ಲಿ ಕಣಜದ ಮಣ್ಣಿನ ಗೂಡು, ಏರ್ ಫಿಲ್ಟರಿನ ಡಬ್ಬಿಯಲ್ಲಿ ಇಲಿ ತಂದಿಟ್ಟ ಬಟ್ಟೆ ಚೂರು, ಭತ್ತದ ಹೊಟ್ಟು ಇವೆಲ್ಲ ಹಳ್ಳಿಯ ಗಾಡಿಗಳಲ್ಲಿ ಸಾಮಾನ್ಯ. ಮಣ್ಣಿನ ಗೂಡಿನ ಸಣ್ಣ ಕಣವೂ ಸಿಲಿಂಡರಿಗೆ ಮರಳುಕಾಗದದಷ್ಟೇ ಕೆಡುಕು ಮಾಡುವುದರಿಂದ ಮೊದಲ ದಿನವೇ ಇವನ್ನು ಹೊರತೆಗೆಯಬೇಕು. ಕರಾವಳಿ ಮತ್ತು ಮಲೆನಾಡಿನ ಗಾಡಿಗಳಲ್ಲಿ ತುಕ್ಕು ಮುಂದಿದ್ದರೆ, ಬಯಲುಸೀಮೆಯ ಗಾಡಿಗಳಲ್ಲಿ ರಬ್ಬರು ಒಣಗಿ ಬಿರಿದಿರುವುದು ಹೆಚ್ಚು.

ನಂತರ ಪ್ಲಗ್ಗಿನ ತೂತಿನಿಂದ ಎರಡು ಚಮಚದಷ್ಟು ಟೂ-ಟಿ ಆಯಿಲ್ (ಟೂ-ಸ್ಟ್ರೋಕಿನಲ್ಲಿ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಹಾಕಿ ಒಂದು ರಾತ್ರಿ ಬಿಡಿ. ಮರುದಿನ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನಾಲ್ಕನೆಯ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಬೆರಳೆರಡರಷ್ಟು ಹಿಂದೆ ಮುಂದೆ ಮಾಡಿ ನೋಡಿ. ಕಿಕ್ ಲಿವರಿಗಿಂತ ಚಕ್ರದಲ್ಲಿ ಎಂಜಿನ್ನಿನ ಪ್ರತಿರೋಧ ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ, ಬಲವೂ ನಮ್ಮ ಹತೋಟಿಯಲ್ಲಿರುತ್ತದೆ. ಸಲೀಸಾಗಿ ತಿರುಗಿ ಒಂದು ಕಡೆ ಮಾತ್ರ ಬಿಗಿಯಾದರೆ ಅಲ್ಲಿ ತುಕ್ಕಿನ ಪಟ್ಟೆ ಇದೆಯೆಂದು ತಿಳಿಯಬೇಕು, ಇದು ಸಾಮಾನ್ಯವಾಗಿ ಪಿಸ್ಟನ್ ನಿಂತಿದ್ದ ಜಾಗದಲ್ಲಿ ರಿಂಗಿನ ಆಕಾರದಲ್ಲೇ ಇರುತ್ತದೆ. ಅಂಥ ಸಿಲಿಂಡರನ್ನು ಹೊರತೆಗೆದು ನೋಡುವುದೇ ಸರಿ.

ಅಲುಗದೇ ಇದ್ದರೆ

ಎಂಜಿನ್ ಸ್ವಲ್ಪವೂ ಅಲುಗದಿದ್ದರೆ ಡೀಸೆಲ್ ಮತ್ತು ತೆಳು ಗೇರ್ ಆಯಿಲನ್ನು ಸಮವಾಗಿ ಬೆರೆಸಿ ಪಿಸ್ಟನ್ನಿನ ಮೇಲೆ ನಿಲ್ಲುವಷ್ಟು ಹಾಕಿ ಹಲವು ದಿನ ಬಿಡಬೇಕು. ದಿನಕ್ಕೊಮ್ಮೆ ಚಕ್ರದಿಂದ ಮೆಲ್ಲಗೆ ಅಲುಗಿಸಿ ನೋಡುವುದು, ಇಳಿದಷ್ಟು ಎಣ್ಣೆಯನ್ನು ಮತ್ತೆ ಹಾಕುವುದು, ಇಷ್ಟೇ ಕೆಲಸ. ಕಿಕ್ಕಿನ ಮೇಲೆ ನಿಂತು ಮೈಭಾರ ಹಾಕಬಾರದು. ಜಾವಾದಲ್ಲಿ ಕಿಕ್ಕೂ ಗೇರೂ ಒಂದೇ ಲಿವರಿನಲ್ಲಿ ಕೆಲಸ ಮಾಡುವುದರಿಂದ ಅದರ ಒಳಗಿನ ಹಲ್ಲು ಮುರಿದರೆ ಎರಡೂ ಹೋಗುತ್ತವೆ. ಡೈನಮೊ ನಡುವಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗಿಸುವ ಅಭ್ಯಾಸವೂ ಕೆಟ್ಟದ್ದು, ಆ ಬೋಲ್ಟು ಆ ಕೆಲಸಕ್ಕೆ ಇರುವುದಲ್ಲ.

ಸಿಲಿಂಡರ್ ತೆಗೆಯಲೇಬೇಕಾದಾಗ ಅದನ್ನು ನೇರವಾಗಿ ಮೇಲಕ್ಕೆ ಎಳೆಯಬೇಕು, ತಿರುಚಬಾರದು. ಟೂ-ಸ್ಟ್ರೋಕ್ ಪಿಸ್ಟನ್ನಿನ ಪ್ರತಿ ರಿಂಗಿನ ಬಾಯಿಯೂ ಒಂದು ಸಣ್ಣ ಗೂಟಕ್ಕೆ ಸಿಕ್ಕಿಕೊಂಡು ನಿಂತಿರುತ್ತದೆ. ಸಿಲಿಂಡರನ್ನು ತಿರುಚಿದರೆ ರಿಂಗಿನ ತುದಿ ಪೋರ್ಟಿನ ಅಂಚಿಗೆ ಸಿಕ್ಕಿ ಮುರಿಯುತ್ತದೆ. ಬೋರ್ ಮಾಡಿಸುವ (ಸಿಲಿಂಡರಿನ ಒಳಗೋಡೆ ಕೊರೆಸಿ ಅಗಲ ಮಾಡಿಸುವ) ನಿರ್ಧಾರವನ್ನು ಕಣ್ಣಂದಾಜಿನಿಂದ ಮಾಡದೆ ಬೋರ್ ಗೇಜಿನಿಂದ ಅಳೆಸಿಯೇ ಮಾಡಿ. ಮೇಲ್ಮೈಯ ತುಕ್ಕಿನ ಕಲೆ ಹೋನಿಂಗಿನಲ್ಲಿ (ಕಲ್ಲಿನಿಂದ ನವಿರಾಗಿ ಉಜ್ಜಿಸುವುದರಲ್ಲಿ) ಹೋಗುತ್ತದೆ, ಉಗುರಿಗೆ ಸಿಗುವ ಗುಳಿ ಹೋಗುವುದಿಲ್ಲ. ಸುಮ್ಮನೆ ಬೋರ್ ಮಾಡಿಸಿ ಮುಂದಿನ ಅಳತೆಯ ಪಿಸ್ಟನ್ ಹಾಕಿದರೆ ಆ ಸಿಲಿಂಡರಿನ ಆಯುಷ್ಯದಲ್ಲಿ ಒಂದು ಪಾಲನ್ನು ಕಾರಣವಿಲ್ಲದೆ ಕಳೆದಂತೆ.

ಇದೇ ಹೊತ್ತಿಗೆ ಇನ್ನೊಂದು ಮಾತು. ಎಂಜಿನ್ ಕೇಸ್ ಮತ್ತು ಚಾಸಿಯನ್ನು ಸ್ಯಾಂಡ್ ಬ್ಲಾಸ್ಟಿಂಗಿಗೆ ಕೊಡುವುದಾದರೆ ಎಂಜಿನ್ ನಂಬರು, ಚಾಸಿ ನಂಬರುಗಳ ಮೇಲೆ ದಪ್ಪ ಟೇಪು ಅಂಟಿಸಿ ಕೊಡಿ. ಆ ಅಂಕಿಗಳು ಮಾಸಿದರೆ ಗಾಡಿ ಎಷ್ಟು ಚೆನ್ನಾಗಿ ಓಡಿದರೂ ಆರ್.ಟಿ.ಓ. ಕಚೇರಿಯಲ್ಲಿ ಅದು ಯಾವ ಗಾಡಿಯೆಂದು ಸಾಬೀತು ಮಾಡುವುದು ಕಷ್ಟ.

ಕಿಡಿ ಇಲ್ಲದಿದ್ದರೆ

ಈ ಎಂಜಿನ್ನಿಗೆ ಕಿಡಿ ಬರುವುದು ಬ್ಯಾಟರಿಯಿಂದ. ಬ್ಯಾಟರಿಯಿಲ್ಲದೆ ಅಯಸ್ಕಾಂತದಿಂದಲೇ ಕಿಡಿಯ ಕರೆಂಟು ಮಾಡುವ ಮ್ಯಾಗ್ನೆಟೊ ಇರುವ ಬೇರೆ ಟೂ-ಸ್ಟ್ರೋಕ್ ಗಾಡಿಗಳನ್ನು ಕಂಡವರು ಬ್ಯಾಟರಿ ಇಲ್ಲದೆಯೇ ಕಿಕ್ ಹೊಡೆದು, ಕಿಡಿ ಕಾಣದೆ, ಕಿಡಿಗೆ ವೋಲ್ಟೇಜ್ ಏರಿಸುವ ಒಳ್ಳೆಯ ಕಾಯಿಲನ್ನು ಎಸೆದು ಹೊಸದನ್ನು ತರುವುದುಂಟು. ಆದ್ದರಿಂದ ಮೊದಲು ಪೂರ್ತಿ ಚಾರ್ಜ್ ಆದ 6 ವೋಲ್ಟಿನ ಬ್ಯಾಟರಿ ಬೇಕು. ಭಾರವಿಲ್ಲದಾಗ ಅದರಲ್ಲಿ 6.3 ವೋಲ್ಟಿಗಿಂತ ಕಡಿಮೆ ಇರಬಾರದು. ಜೋಡಿಸುವ ಮೊದಲು ಗಾಡಿಯ ವೈರಿಂಗಿನಲ್ಲಿ ಯಾವ ಧ್ರುವ ಚಾಸಿಗೆ ಸೇರಿದೆಯೆಂದು ನೋಡಿಕೊಳ್ಳಿ. ಮೂವತ್ತು ವರ್ಷಗಳಲ್ಲಿ ಎಷ್ಟು ಜನ ಆ ವೈರುಗಳಿಗೆ ಕೈ ಹಾಕಿದ್ದಾರೋ ತಿಳಿಯದು, ಬಣ್ಣವನ್ನು ನಂಬುವಂತಿಲ್ಲ.

ಕಿಡಿಯ ದೋಷವನ್ನು ಹುಡುಕಲು ದುಬಾರಿ ಸಲಕರಣೆ ಬೇಡ. 6 ವೋಲ್ಟಿನ ಒಂದು ಸಣ್ಣ ಬಲ್ಬು, ಅದರ ಎರಡು ವೈರುಗಳು ಸಾಕು. ಬಲಗಡೆಯ ಕವರ್ ಬಿಚ್ಚಿ, ಕಾಯಿಲಿನಿಂದ ಪಾಯಿಂಟಿಗೆ ಹೋಗುವ ಟರ್ಮಿನಲ್ಲಿಗೆ ಬಲ್ಬಿನ ಒಂದು ವೈರನ್ನೂ ಎಂಜಿನ್ನಿನ ಬರಿಯ ಲೋಹಕ್ಕೆ ಇನ್ನೊಂದನ್ನೂ ಹಿಡಿದು, ಇಗ್ನಿಷನ್ ಹಾಕಿ, ಚಕ್ರದಿಂದ ಎಂಜಿನ್ನನ್ನು ನಿಧಾನ ತಿರುಗಿಸಿ. ಪಾಯಿಂಟ್ ತೆರೆದಾಗ ಬಲ್ಬು ಹತ್ತಬೇಕು, ಮುಚ್ಚಿದಾಗ ಆರಬೇಕು. ಹಾಗೆ ಹತ್ತಿ ಆರುತ್ತಿದ್ದರೆ ಕಾಯಿಲಿನ ಪ್ರಾಥಮಿಕ ಸುತ್ತಿನವರೆಗಿನ ದಾರಿ ಸರಿಯಾಗಿದೆ.

ಬಲ್ಬು ಯಾವಾಗಲೂ ಹತ್ತಿಯೇ ಇದ್ದರೆ ಪಾಯಿಂಟ್ ಮುಚ್ಚಿದರೂ ಕರೆಂಟು ಹರಿಯುತ್ತಿಲ್ಲ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ನಾನು ಮೊದಲು ಅನುಮಾನಿಸುವುದು ಇದನ್ನೇ. ಪಾಯಿಂಟಿನ ಎರಡು ಮುಖಗಳು ಕಣ್ಣಿಗೆ ಸ್ವಚ್ಛವಾಗಿಯೇ ಕಾಣುತ್ತವೆ, ಆದರೆ ಹತ್ತಿರದಿಂದ ನೋಡಿದರೆ ಹೊಳಪಿಲ್ಲದ ಬೂದು ಪೊರೆ ಕಾಣಿಸುತ್ತದೆ. 6 ವೋಲ್ಟಿನ ಒತ್ತಡಕ್ಕೆ ಆ ಪೊರೆಯನ್ನು ದಾಟುವ ಶಕ್ತಿ ಇಲ್ಲ. ತೀರಾ ನುಣುಪಾದ ಎಮರಿ ಕಾಗದದ ಪಟ್ಟಿಯನ್ನು ಎರಡು ಮುಖಗಳ ನಡುವೆ ಎಳೆದು, ಆಮೇಲೆ ಪೆಟ್ರೋಲಿನಲ್ಲಿ ಅದ್ದಿದ ಬಿಳಿ ಕಾಗದವನ್ನು ಅದರಲ್ಲಿ ಕಪ್ಪು ಗೆರೆ ಬೀಳುವುದು ನಿಲ್ಲುವವರೆಗೆ ಎಳೆಯಬೇಕು. ಎರಡನೆಯ ಹೆಜ್ಜೆಯನ್ನು ಬಿಟ್ಟರೆ ಎಮರಿಯ ಪುಡಿಯೇ ಹೊಸ ಪೊರೆಯಾಗುತ್ತದೆ.

ಬಲ್ಬು ಯಾವಾಗಲೂ ಆರಿಯೇ ಇದ್ದರೆ ಕಾಯಿಲಿನಿಂದ ಪಾಯಿಂಟಿಗೆ ಹೋಗುವ ವೈರನ್ನು ಕಾಯಿಲಿನ ಬಳಿ ಕಳಚಿ, ಕಾಯಿಲಿನ ಅದೇ ಟರ್ಮಿನಲ್ಲಿಗೆ ಬಲ್ಬು ಹಿಡಿಯಿರಿ. ಈಗ ಹತ್ತಿದರೆ ಆ ವೈರು, ಕಂಡೆನ್ಸರ್ (ಪಾಯಿಂಟಿನ ಮುಖಗಳ ನಡುವೆ ಕಿಡಿ ಹಾರದಂತೆ ತಡೆಯುವ ಭಾಗ) ಅಥವಾ ಪಾಯಿಂಟಿನ ಇನ್ಸುಲೇಷನ್ ಎಲ್ಲೋ ಶಾರ್ಟ್ ಆಗಿದೆ. ಹತ್ತದಿದ್ದರೆ ಕಾಯಿಲಿನ ಇನ್ನೊಂದು ಟರ್ಮಿನಲ್ಲಿಗೆ ಹಿಡಿಯಿರಿ. ಅಲ್ಲಿ ಹತ್ತಿದರೆ ಕಾಯಿಲಿನೊಳಗೆ ತಂತಿ ಕಡಿದಿದೆ, ಅಲ್ಲೂ ಹತ್ತದಿದ್ದರೆ ದೋಷ ಸ್ವಿಚ್ಚು, ಫ್ಯೂಸು ಅಥವಾ ಬ್ಯಾಟರಿಯ ಕಡೆಗಿದೆ.

ಬಲ್ಬು ಸರಿಯಾಗಿ ಹತ್ತಿ ಆರುತ್ತಿದ್ದೂ ಪ್ಲಗ್ಗಿನಲ್ಲಿ ಕಿಡಿ ಮಂಕಾಗಿದ್ದರೆ ಕಂಡೆನ್ಸರನ್ನು ನೋಡಬೇಕು. ಇಗ್ನಿಷನ್ ಹಾಕಿ, ಪಾಯಿಂಟನ್ನು ಇನ್ಸುಲೇಷನ್ ಇರುವ ಸ್ಕ್ರೂಡ್ರೈವರಿನಿಂದ ತೆರೆದು ಮುಚ್ಚಿದಾಗ ಅದರ ಮುಖಗಳ ನಡುವೆಯೇ ದಪ್ಪ ನೀಲಿ ಕಿಡಿ ಹಾರುತ್ತಿದ್ದು, ಪ್ಲಗ್ಗಿನಲ್ಲಿ ಹಳದಿ, ಸಣಕಲು ಕಿಡಿ ಬಂದರೆ ಕಂಡೆನ್ಸರ್ ಸತ್ತಿದೆ. ಅದು ಅಗ್ಗದ ಭಾಗ. ಅನುಮಾನ ಬಂದರೆ ಬದಲಿಸಿಬಿಡಿ. ಹೈ-ಟೆನ್ಷನ್ ವೈರು ಮತ್ತು ಪ್ಲಗ್ ಕ್ಯಾಪನ್ನು ಪರೀಕ್ಷೆಯಿಲ್ಲದೆಯೇ ಹೊಸದು ಹಾಕಬಹುದು, ಹಳೆಯ ವೈರಿನ ರಬ್ಬರು ಬಿರಿದು ಮಳೆಗಾಲದಲ್ಲಿ ಟ್ಯಾಂಕಿನ ಕೆಳಗೆಲ್ಲ ಕಿಡಿ ಸೋರುತ್ತದೆ. ಪ್ಲಗ್ಗಿನ ತೂತಿನ ಹತ್ತಿರ ಕಿಡಿ ಪರೀಕ್ಷೆ ಮಾಡುವಾಗ ಸಿಲಿಂಡರಿನಲ್ಲಿ ಪೆಟ್ರೋಲಿನ ಆವಿ ಇರಬಾರದು ಎಂಬುದನ್ನು ಮರೆಯದಿರಿ.

ಪಾಯಿಂಟಿನ ಗ್ಯಾಪು ಪೂರ್ತಿ ತೆರೆದಾಗ 0.4 ಮಿ.ಮೀ., ಪ್ಲಗ್ಗಿನ ಗ್ಯಾಪು 0.6 ಮಿ.ಮೀ. ಇಡುವುದು ರೂಢಿ. ಟೈಮಿಂಗಿಗೆ ಅದೇ ಬಲ್ಬನ್ನು ಬಳಸಬಹುದು: ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ಸುಮಾರು 3 ಮಿ.ಮೀ. ಮುಂಚೆ ಬಲ್ಬು ಹತ್ತಬೇಕು, ನಿಖರ ಅಂಕಿಯನ್ನು ಆಯಾ ಮಾಡೆಲ್ಲಿನ ಕೈಪಿಡಿಯಿಂದ ತೆಗೆದುಕೊಳ್ಳಿ. ಪ್ಲಗ್ಗಿನ ತೂತಿನಿಂದ ಇಳಿಬಿಟ್ಟ ಕಡ್ಡಿ ಓರೆಯಾಗಿ ನಿಂತರೆ ಅಳತೆ ತಪ್ಪುತ್ತದೆ, ಹೆಡ್ ಬಿಚ್ಚಿದ್ದಾಗಲೇ ಡಯಲ್ ಗೇಜಿನಿಂದ ಇದನ್ನು ಮಾಡಿ ಮುಗಿಸುವುದು ಒಳ್ಳೆಯದು. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿ ಎಂದು ಸಲಹೆ ಕೊಡುವವರು ಅನೇಕರಿದ್ದಾರೆ. ದಿನಾಲು ಓಡಿಸುವ ಗಾಡಿಗೆ ಅದು ಸರಿಯಿರಬಹುದು. ಆದರೆ ಹೀಗೆ ಹೊರಬಂದ ಗಾಡಿ ಕಾರ್ಖಾನೆಯಿಂದ ಬಂದ ಪಾಯಿಂಟಿನಲ್ಲೇ ಮತ್ತೆ ಓಡಬೇಕು, ಓಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪೆಟ್ರೋಲಿನ ದಾರಿ

ಹಳೆಯ ಪೆಟ್ರೋಲು ಟ್ಯಾಂಕಿನಲ್ಲಿ ಅರಗಿನಂಥ ಅಂಟಾಗಿರುತ್ತದೆ, ವಾಸನೆಯೂ ವಾರ್ನಿಷಿನದು. ಟ್ಯಾಂಕಿನ ಒಳಗಿನ ತುಕ್ಕಿಗೆ ಬಿಸಿನೀರಿನಲ್ಲಿ ಕರಗಿಸಿದ ಸಿಟ್ರಿಕ್ ಆಮ್ಲ ಸಾಕು. ಒಂದೆರಡು ದಿನ ಇಟ್ಟು, ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಕೂಡಲೇ ಒಳಗೆಲ್ಲ ಎಣ್ಣೆ ಸವರಬೇಕು, ಇಲ್ಲದಿದ್ದರೆ ಸಂಜೆಯೊಳಗೆ ಮತ್ತೆ ಕೆಂಪಾಗುತ್ತದೆ. ಟ್ಯಾಂಕಿನೊಳಗೆ ಬಳಿಯುವ ಸೀಲರುಗಳನ್ನು ತೂತು ಬಿದ್ದಿಲ್ಲದ ಟ್ಯಾಂಕಿಗೆ ನಾನು ಶಿಫಾರಸು ಮಾಡುವುದಿಲ್ಲ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದ್ದು, ಅದಕ್ಕೆ ತಾಳದ ಹಳೆಯ ಬಗೆಯ ಲೇಪನಗಳು ಪದರವಾಗಿ ಬಿಟ್ಟುಕೊಂಡು ಕಾಕನ್ನು (ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿಯನ್ನು) ಕಟ್ಟುತ್ತವೆ. ಅದೇ ಕಾರಣಕ್ಕೆ ಪೆಟ್ರೋಲ್ ಪೈಪು ಮತ್ತು ಕಾಕಿನ ವಾಷರುಗಳನ್ನೂ ಹೊಸದು ಹಾಕಬೇಕು, ಗಾಡಿ ಮತ್ತೆ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕು, ಕಾರ್ಬ್ಯುರೇಟರ್ ಎರಡನ್ನೂ ಖಾಲಿ ಮಾಡಿಡಬೇಕು.

ಕಾರ್ಬ್ಯುರೇಟರಿನ ಹಿತ್ತಾಳೆ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಗುಳ್ಳೆ ಬಂದರೆ ತೂತಿದೆ. ಜೆಟ್ಟುಗಳಿಗೆ ಉಕ್ಕಿನ ತಂತಿ ಚುಚ್ಚಬೇಡಿ. ವೈರಿನ ಒಳಗಿನ ಒಂದೇ ಎಳೆ ತಾಮ್ರದಿಂದ ತೂತು ಬಿಡಿಸಿ, ಗಾಳಿ ಹೊಡೆದರೆ ಸಾಕು. ಪೆಟ್ರೋಲಿಗೆ ಲೀಟರಿಗೆ 40 ಮಿ.ಲೀ. ಎಣ್ಣೆಯ ಲೆಕ್ಕ, ಅಂದರೆ 25ಕ್ಕೆ 1ರ ಪ್ರಮಾಣ.

ಕ್ರ್ಯಾಂಕಿನ ಸೀಲುಗಳು

ಕಿಡಿ ಚೆನ್ನಾಗಿದೆ, ಪೆಟ್ರೋಲು ಬರುತ್ತಿದೆ, ಕಂಪ್ರೆಷನ್ ಇದೆ, ಆದರೂ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ ಅಥವಾ ಆಗಿ ಹಟ ಮಾಡುತ್ತದೆ. ಬಹಳ ಜನ ಕೈಚೆಲ್ಲುವುದು ಇಲ್ಲಿ. ಇಲ್ಲಿ ಎಂಜಿನ್ನಿನ ಕೆಲಸದ ರೀತಿಯನ್ನು ನೆನೆಯಬೇಕು. ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ನಿರ್ವಾತ ಉಂಟಾಗಿ ಕಾರ್ಬ್ಯುರೇಟರಿನಿಂದ ಗಾಳಿ-ಪೆಟ್ರೋಲಿನ ಮಿಶ್ರಣ ಒಳಬರುತ್ತದೆ. ಕೆಳಗಿಳಿಯುವಾಗ ಅದೇ ಮಿಶ್ರಣ ಒತ್ತಿ, ಟ್ರಾನ್ಸ್‌ಫರ್ ಪೋರ್ಟುಗಳ ಮೂಲಕ ಪಿಸ್ಟನ್ನಿನ ಮೇಲಕ್ಕೆ ನುಗ್ಗುತ್ತದೆ. ಎಂದರೆ ಕ್ರ್ಯಾಂಕ್‌ಕೇಸು ಒಂದು ಪಂಪು. ಸೈಕಲ್ ಪಂಪಿನ ವಾಷರ್ ಒಣಗಿದರೆ ಎಷ್ಟು ಒತ್ತಿದರೂ ಗಾಳಿ ಹೋಗದಿರುವಂತೆ, ಕ್ರ್ಯಾಂಕಿನ ಸೀಲು ಒಣಗಿದರೆ ಈ ಪಂಪೂ ಕೆಲಸ ಮಾಡುವುದಿಲ್ಲ. ಓಡುತ್ತಿರುವ ಎಂಜಿನ್ನಿನಲ್ಲಿ ಸೀಲಿನ ತುಟಿಗೆ ಸದಾ ಎಣ್ಣೆ ತಗಲುತ್ತಿರುತ್ತದೆ. ನಿಂತ ಎಂಜಿನ್ನಿನಲ್ಲಿ ಆ ಎಣ್ಣೆ ಆರಿ, ರಬ್ಬರು ಗಟ್ಟಿಯಾಗಿ, ತುಟಿಯು ಕ್ರ್ಯಾಂಕಿನ ಮೇಲೆ ಒಂದೇ ಕಡೆ ಅಂಟಿಕೊಂಡು, ಮೊದಲ ಸುತ್ತಿನಲ್ಲೇ ಹರಿಯುತ್ತದೆ. ಎಷ್ಟೋ ಗಾಡಿಗಳು ಮೊದಲ ದಿನ ಚೆನ್ನಾಗಿ ಸ್ಟಾರ್ಟ್ ಆಗಿ, ಎರಡನೆಯ ದಿನ ಕೆಡುವುದಕ್ಕೆ ಇದು ಒಂದು ಕಾರಣ.

ಎರಡು ಸೀಲುಗಳ ದೋಷ ಎರಡು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಎಡಗಡೆಯ ಸೀಲಿನಾಚೆ ಇರುವುದು ಪ್ರೈಮರಿ ಚೈನು ಮತ್ತು ಕ್ಲಚ್ಚನ್ನು ನೆನೆಸುವ ಗೇರ್ ಆಯಿಲ್. ಆ ಸೀಲು ಹೋದರೆ ಕ್ರ್ಯಾಂಕ್‌ಕೇಸಿನ ನಿರ್ವಾತ ಆ ಎಣ್ಣೆಯನ್ನು ಹೀರಿಕೊಳ್ಳುತ್ತದೆ: ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ, ಕಿಲೋಮೀಟರುಗಳ ಜೊತೆಗೆ ಇಳಿಯುವ ಗೇರ್ ಆಯಿಲಿನ ಮಟ್ಟ, ಬಿಚ್ಚಿದಾಗ ಜಿಗುಟಾಗಿ ಒದ್ದೆಯಾದ ಪ್ಲಗ್ಗು. ಆ ಪ್ಲಗ್ಗನ್ನು ಮೂಸಿ ನೋಡಿ. ಟೂ-ಟಿ ಆಯಿಲಿನ ವಾಸನೆಗೂ ಗೇರ್ ಆಯಿಲಿನ ವಾಸನೆಗೂ ಇರುವ ವ್ಯತ್ಯಾಸ ಒಮ್ಮೆ ತಿಳಿದರೆ ಮರೆಯುವುದಿಲ್ಲ. ಇಂಥ ಗಾಡಿಗೆ ಪೆಟ್ರೋಲಿನಲ್ಲಿ ಎಣ್ಣೆ ಹೆಚ್ಚಾಗಿದೆ ಎಂದುಕೊಂಡು ಎಣ್ಣೆ ಕಡಿಮೆ ಮಾಡುವುದು ಅಪಾಯಕರ ತಪ್ಪು ನಿರ್ಣಯ, ಏಕೆಂದರೆ ಹೊಗೆ ನಿಲ್ಲುವುದಿಲ್ಲ, ಪಿಸ್ಟನ್ನಿಗೆ ಬೇಕಾದ ಎಣ್ಣೆ ಮಾತ್ರ ಕಡಿಮೆಯಾಗುತ್ತದೆ.

ಬಲಗಡೆ, ಡೈನಮೊ ಹಿಂದಿನ ಸೀಲು ಹೋದರೆ ಒಳಬರುವುದು ಬರಿಯ ಗಾಳಿ. ಆಗ ಮಿಶ್ರಣ ತೆಳುವಾಗುತ್ತದೆ: ತಣ್ಣಗಿದ್ದಾಗ ಚೋಕ್ ಬಿಟ್ಟರೆ ನಿಂತುಹೋಗುವುದು, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ವೇಗ ತಕ್ಷಣ ಇಳಿಯದೆ ಕೂಗುತ್ತಲೇ ಇರುವುದು, ಪ್ಲಗ್ಗಿನ ಪಿಂಗಾಣಿ ಸುಣ್ಣದ ಬಿಳುಪಿಗೆ ತಿರುಗುವುದು, ಏರಿನಲ್ಲಿ ಎಂಜಿನ್ ಅತಿಯಾಗಿ ಬಿಸಿಯಾಗುವುದು. ದೊಡ್ಡ ಜೆಟ್ ಹಾಕಿ ಇದನ್ನು ಮುಚ್ಚಿಹಾಕುವವರಿದ್ದಾರೆ. ಸೋರಿಕೆ ವೇಗಕ್ಕೆ ತಕ್ಕಂತೆ ಬದಲಾಗುವುದರಿಂದ ಜೆಟ್ಟು ಒಂದು ವೇಗಕ್ಕೆ ಸರಿಹೊಂದಿದರೆ ಇನ್ನೊಂದಕ್ಕೆ ಹೊಂದುವುದಿಲ್ಲ, ಕೊನೆಗೆ ಪಿಸ್ಟನ್ ಹಿಡಿಯುತ್ತದೆ.

ಅನುಮಾನವನ್ನು ಖಚಿತಪಡಿಸಿಕೊಳ್ಳುವ ಪರೀಕ್ಷೆ ಸರಳವಾಗಿದೆ, ಆದರೂ ಇದನ್ನು ಮಾಡುವವರು ಕಡಿಮೆ. ಕಾರ್ಬ್ಯುರೇಟರನ್ನು ತೆಗೆದು ಇನ್‌ಲೆಟ್ಟಿಗೆ ರಬ್ಬರ್ ಬಿರಡೆ ಹಾಕಿ. ಎರಡೂ ಎಕ್ಸಾಸ್ಟ್ ಪೋರ್ಟುಗಳಿಗೂ ಬಿರಡೆ ಬೇಕು, ಒಂದನ್ನು ಮರೆತರೆ ಪರೀಕ್ಷೆಗೆ ಅರ್ಥವಿಲ್ಲ. ಪಿಸ್ಟನ್ನನ್ನು ಕೆಳಗಿನ ತುದಿಗೆ ತಂದರೆ ಟ್ರಾನ್ಸ್‌ಫರ್ ಪೋರ್ಟುಗಳು ತೆರೆದು ಸಿಲಿಂಡರೂ ಕ್ರ್ಯಾಂಕ್‌ಕೇಸೂ ಒಂದೇ ಕೋಣೆಯಾಗುತ್ತವೆ. ಹಳೆಯ ಪ್ಲಗ್ಗೊಂದರ ಪಿಂಗಾಣಿ ಒಡೆದು ತೆಗೆದು, ಲೇತಿನಲ್ಲಿ ತೂತು ಮಾಡಿಸಿ, ಸಣ್ಣ ಪೈಪು ಕೂರಿಸಿದರೆ ಗಾಳಿ ತುಂಬುವ ದಾರಿ ಸಿದ್ಧ. ಗಾಳಿಗೆ ಟೈರಿನ ಕಂಪ್ರೆಸರ್ ಖಂಡಿತ ಬೇಡ, ಅದರ ಒತ್ತಡಕ್ಕೆ ಒಳ್ಳೆಯ ಸೀಲೂ ಜಾಗ ಬಿಟ್ಟು ಹೊರಬರುತ್ತದೆ. ರಕ್ತದೊತ್ತಡ ನೋಡುವ ಹಳೆಯ ಮಾದರಿಯ ಉಪಕರಣದ ರಬ್ಬರ್ ಬುರುಡೆ ಮತ್ತು ಗಡಿಯಾರದಂಥ ಮಾಪಕ ಈ ಕೆಲಸಕ್ಕೆ ಹೇಳಿಮಾಡಿಸಿದಂತಿವೆ. ಮಾಪಕದಲ್ಲಿ 260ರವರೆಗೆ ಒತ್ತಿದರೆ ಅದು ಸುಮಾರು 5 ಪಿ.ಎಸ್.ಐ.; ಒಂದು ನಿಮಿಷದಲ್ಲಿ ಮುಳ್ಳು 50ಕ್ಕಿಂತ ಹೆಚ್ಚು ಇಳಿಯಬಾರದು.

ಇಳಿದರೆ ಎಲ್ಲಿಂದ ಎಂದು ಹುಡುಕಬೇಕು. ಸೋಪಿನ ನೀರನ್ನು ಕುಂಚದಲ್ಲಿ ಅದ್ದಿ ಸಿಲಿಂಡರಿನ ಬುಡದ ಗ್ಯಾಸ್ಕೆಟ್, ಹೆಡ್, ಇನ್‌ಲೆಟ್ ಜೋಡಣೆ, ಕ್ರ್ಯಾಂಕ್‌ಕೇಸಿನ ಎರಡು ಹೋಳು ಸೇರುವ ಗೆರೆ, ಬಿರಡೆಗಳ ಸುತ್ತ ಹಚ್ಚಿ. ಡೈನಮೊ ಬಿಚ್ಚಿಟ್ಟು ಬಲಗಡೆಯ ಸೀಲಿನ ಸುತ್ತ ಹಚ್ಚಿದಾಗ ಸಣ್ಣ ಗುಳ್ಳೆಗಳ ಸಾಲು ಎದ್ದರೆ ಅನುಮಾನಕ್ಕೆ ಎಡೆಯಿಲ್ಲ. ಎಡಗಡೆಯ ಸೀಲು ಕವರಿನ ಒಳಗಿರುವುದರಿಂದ ಕಾಣುವುದಿಲ್ಲ; ಗೇರ್ ಆಯಿಲ್ ಹಾಕುವ ಬೋಲ್ಟು ಬಿಚ್ಚಿ ಅದರ ಬಾಯಿಗೆ ಸೋಪಿನ ನೀರಿನ ತೆಳುಪೊರೆ ಕಟ್ಟಿ. ಬುರುಡೆ ಒತ್ತುತ್ತಿದ್ದಂತೆ ಆ ಪೊರೆ ಉಬ್ಬಿ ಒಡೆದರೆ ಸಿಲಿಂಡರಿಗೆ ತುಂಬಿದ ಗಾಳಿ ಗೇರ್‌ಬಾಕ್ಸಿನಿಂದ ಹೊರಬರುತ್ತಿದೆ, ಅಂದರೆ ಎಡಗಡೆಯ ಸೀಲು ಹೋಗಿದೆ. ಎಂಜಿನ್ ಬಿಚ್ಚದೆ ಇಷ್ಟು ನಿಶ್ಚಿತವಾಗಿ ಒಳಗಿನ ದೋಷವನ್ನು ತೋರಿಸುವ ಪರೀಕ್ಷೆ ಇನ್ನೊಂದಿಲ್ಲ.

ಸೀಲು ಬದಲಿಸಲು ಎಂಜಿನ್ ಕೇಸನ್ನು ಸೀಳಬೇಕೇ ಬೇಡವೇ ಎಂಬುದನ್ನು ಆಯಾ ಮಾಡೆಲ್ಲಿನ ಪಾರ್ಟ್ಸ್ ಪುಸ್ತಕದ ಚಿತ್ರ ನೋಡಿ ಮೊದಲೇ ತೀರ್ಮಾನಿಸಿ. ಡೈನಮೊ ರೋಟರನ್ನು ಅದಕ್ಕೆಂದೇ ಇರುವ ಪುಲ್ಲರ್ ಬೋಲ್ಟಿನಿಂದ ತೆಗೆಯಬೇಕು, ಅಂಚಿಗೆ ಸುತ್ತಿಗೆ ಪೆಟ್ಟು ಕೊಟ್ಟರೆ ಕ್ರ್ಯಾಂಕ್ ಸೊಟ್ಟಗಾಗುತ್ತದೆ. ಹಳೆಯ ಸೀಲಿನ ತುಟಿ ಕ್ರ್ಯಾಂಕಿನ ಮೇಲೆ ತೋಡು ಬೀಳಿಸಿದ್ದರೆ ಹೊಸ ಸೀಲನ್ನು ಜಾಗವಿದ್ದರೆ ಒಂದು ಮಿಲಿಮೀಟರ್ ಹಿಂದೆ ಮುಂದೆ ಕೂರಿಸಿ, ತುಟಿ ಸವೆಯದ ಜಾಗಕ್ಕೆ ಬರುವಂತೆ ಮಾಡಬಹುದು. ಕೂರಿಸುವ ಮೊದಲು ತುಟಿಗೆ ಎಣ್ಣೆ ಹಚ್ಚುವುದನ್ನು ಬಿಡಬಾರದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಸೀಲುಗಳನ್ನು ಗಾಡಿಯ ಹೆಸರು ಹೇಳಿ ಕೇಳುವುದಕ್ಕಿಂತ ಹಳೆಯದರ ಒಳವ್ಯಾಸ, ಹೊರವ್ಯಾಸ, ದಪ್ಪಗಳನ್ನು ಬರೆದುಕೊಂಡು ಹೋಗುವುದು ಮೇಲು, ಒಳ್ಳೆಯ ಗುಣಮಟ್ಟದ ಸೀಲು ಅಳತೆಯ ಮೇಲೆ ಸಿಗುತ್ತದೆ. ಬೇರೆ ಕಾರಣಕ್ಕೆ ಎಂಜಿನ್ ಬಿಚ್ಚಿದ್ದರೆ ಪರೀಕ್ಷೆಯಲ್ಲಿ ಪಾಸಾದ ಸೀಲುಗಳನ್ನೂ ಬದಲಿಸಿಬಿಡಿ. ತಣ್ಣಗೆ ನಿಂತ ಕ್ರ್ಯಾಂಕಿನ ಮೇಲೆ ಗಾಳಿ ತಡೆದ ಗಟ್ಟಿ ರಬ್ಬರು ಬಿಸಿಯಾಗಿ ಸುತ್ತುವಾಗಲೂ ತಡೆಯುತ್ತದೆ ಎನ್ನುವಂತಿಲ್ಲ.

ಸ್ವಲ್ಪ ದೂರ ಓಡಿ ನಿಂತರೆ

ಹತ್ತು ಹದಿನೈದು ನಿಮಿಷ ಚೆನ್ನಾಗಿ ಓಡಿ, ನಿಂತು, ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆಗುವ ಗಾಡಿಯಲ್ಲಿ ಮೂರು ದೋಷಗಳಲ್ಲಿ ಒಂದಿರುತ್ತದೆ, ಮೂರರ ಲಕ್ಷಣವೂ ಒಂದೇ. ಟ್ಯಾಂಕಿನ ಮುಚ್ಚಳದ ಗಾಳಿಯ ತೂತು ಕಟ್ಟಿದ್ದರೆ ಪೆಟ್ರೋಲು ಇಳಿಯುವುದು ನಿಲ್ಲುತ್ತದೆ. ಕಂಡೆನ್ಸರೋ ಕಾಯಿಲೋ ಬಿಸಿಗೆ ಸೋತರೆ ಕಿಡಿ ನಿಲ್ಲುತ್ತದೆ. ಪ್ಲಗ್ಗಿನ ಎರಡು ತುದಿಗಳ ನಡುವೆ ಇಂಗಾಲದ ಎಳೆ ಕಟ್ಟಿದರೂ ಕಿಡಿ ನಿಲ್ಲುತ್ತದೆ. ಬೇರ್ಪಡಿಸಿ ನೋಡಲು ಅವಕಾಶವಿರುವುದು ಗಾಡಿ ನಿಂತ ಆ ಕ್ಷಣದಲ್ಲಿ ಮಾತ್ರ, ಆದ್ದರಿಂದ ಪ್ಲಗ್ ಸ್ಪ್ಯಾನರ್ ಜೇಬಿನಲ್ಲೇ ಇರಲಿ. ನಿಂತ ಕೂಡಲೇ ಮೊದಲು ಟ್ಯಾಂಕಿನ ಮುಚ್ಚಳ ತೆರೆಯಿರಿ. ಗಾಳಿ ಒಳಗೆಳೆದ ಸದ್ದು ಬಂದರೆ ಅಲ್ಲಿಗೆ ಮುಗಿಯಿತು. ಬರದಿದ್ದರೆ ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲಿನ ಕಡೆ, ಒದ್ದೆಯಾಗಿದ್ದರೆ ಕಿಡಿಯ ಕಡೆ. ಹೊಸ ಪ್ಲಗ್ ಹಾಕಿದೊಡನೆ ಓಡಿದರೆ ದೋಷ ಪ್ಲಗ್ಗಿನದು. ಅದರಲ್ಲೂ ಕಿಡಿ ಬರದಿದ್ದರೆ ಕಂಡೆನ್ಸರನ್ನು ಬದಲಿಸಿ ನೋಡಿ, ಕಾಯಿಲನ್ನು ಕೊನೆಗೆ ನೋಡಿ.

ಡೈನಮೊ ಚಾರ್ಜ್ ಮಾಡದಿದ್ದರೂ ಗಾಡಿ ಬ್ಯಾಟರಿ ಇಳಿಯುವವರೆಗೆ ಓಡಿ ನಿಲ್ಲುತ್ತದೆ, ಆದರೆ ಅದು ತಣ್ಣಗಾದರೆ ಸರಿಹೋಗುವುದಿಲ್ಲ. ಎಂಜಿನ್ ವೇಗದಲ್ಲಿರುವಾಗ ಬ್ಯಾಟರಿಯ ತುದಿಗಳಲ್ಲಿ 7 ವೋಲ್ಟಿನ ಸುತ್ತಮುತ್ತ ಬರಬೇಕು. ಬಾರದಿದ್ದರೆ ಕಾರ್ಬನ್ ಬ್ರಷ್‌ಗಳು ಗೂಡಿನಲ್ಲಿ ಸಿಕ್ಕಿಕೊಂಡಿವೆಯೇ, ಕಮ್ಯುಟೇಟರ್ ಕಪ್ಪಾಗಿದೆಯೇ ನೋಡಿ. ಇವು ಸರಿಯಿದ್ದೂ ಚಾರ್ಜ್ ಆಗದಿದ್ದರೆ ದೀರ್ಘಕಾಲ ನಿಂತ ಡೈನಮೊ ತನ್ನ ಉಳಿಕೆ ಕಾಂತತ್ವವನ್ನು ಕಳೆದುಕೊಂಡಿರಬಹುದು, ಅದರ ಫೀಲ್ಡ್ ಸುತ್ತಿಗೆ ಸರಿಯಾದ ಧ್ರುವದಲ್ಲಿ ಬ್ಯಾಟರಿಯನ್ನು ಕ್ಷಣಮಾತ್ರ ತಾಕಿಸಿದರೆ ಅದು ಮರಳುತ್ತದೆ.

ಓಡುತ್ತದೆ, ಆದರೆ ಎಳೆಯುವುದಿಲ್ಲ

ಮೂರನೆಯ ಗೇರಿನವರೆಗೆ ಸರಿಯಾಗಿದ್ದು ಆಮೇಲೆ ಉಸಿರು ಕಟ್ಟಿದಂತಾದರೆ ಸೈಲೆನ್ಸರಿನ ಒಳಗಿನ ಕೊಳವೆಗಳನ್ನು ಹೊರತೆಗೆದು ನೋಡಿ. ಹಳೆಯ ಎಣ್ಣೆಯ ಇಂಗಾಲ ಅವುಗಳ ತೂತುಗಳನ್ನು ಮುಚ್ಚಿರುತ್ತದೆ. ಕಾಸ್ಟಿಕ್ ಸೋಡಾದ ನೀರಿನಲ್ಲಿ ನೆನೆಸಿದರೆ ಬಿಡುತ್ತದೆ, ಆದರೆ ಕೈಗವಸು, ಕನ್ನಡಕ ಹಾಕಿಕೊಳ್ಳಬೇಕು ಮತ್ತು ಆ ನೀರು ಯಾವ ಅಲ್ಯೂಮಿನಿಯಂ ಭಾಗಕ್ಕೂ ತಾಗಬಾರದು. ಎಂಜಿನ್ ಕೂಗಿದರೂ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟುಗಳು ಜಾರುತ್ತಿವೆ. ಕ್ಲಚ್ ಹಿಡಿದರೂ ಗೇರಿನಲ್ಲಿ ಗಾಡಿ ಮುನ್ನುಗ್ಗಿದರೆ ವರ್ಷಗಟ್ಟಲೆ ಒತ್ತಿಕೊಂಡಿದ್ದ ಪ್ಲೇಟುಗಳು ಒಂದಕ್ಕೊಂದು ಅಂಟಿವೆ, ಅವನ್ನು ಬಿಚ್ಚಿ ಬೇರ್ಪಡಿಸಬೇಕು. ಕಂಪ್ರೆಷನ್ ಗೇಜಿದ್ದರೆ ಆಕ್ಸಿಲರೇಟರ್ ಪೂರ್ತಿ ತೆರೆದು ಕಿಕ್ ಹೊಡೆದು ನೋಡಿ. 100 ಪಿ.ಎಸ್.ಐ. ಆಸುಪಾಸು ಬಂದರೆ ತೃಪ್ತಿಪಡಬಹುದು, 80ಕ್ಕಿಂತ ಕೆಳಗಿದ್ದರೆ ರಿಂಗು ಮತ್ತು ಬೋರ್ ನೋಡಲೇಬೇಕು.

ಮೊದಲ ಸವಾರಿಗಳು

ಟೈರು, ಟ್ಯೂಬು, ಬ್ರೇಕ್ ಲೈನರು ಮತ್ತು ಎಲ್ಲ ಕೇಬಲ್ಲುಗಳು ಹೊಸದಾಗಿರದೆ ರಸ್ತೆಗೆ ಇಳಿಯಬೇಡಿ. ಮೊದಲ ಸವಾರಿಗಳಲ್ಲಿ ಒಂದೇ ವೇಗದಲ್ಲಿ ದೂರ ಹೋಗದೆ, ಏರಿಸಿ ಇಳಿಸಿ ಓಡಿಸಿ. ಎಂಜಿನ್ನಿನ ಸದ್ದು ಇದ್ದಕ್ಕಿದ್ದಂತೆ ಒಣಗಿ, ಎಳೆತ ಕುಂದಿದರೆ ಪಿಸ್ಟನ್ ಹಿಡಿಯತೊಡಗಿದೆ. ಯೋಚಿಸದೆ ಕ್ಲಚ್ ಹಿಡಿದು ಪಕ್ಕಕ್ಕೆ ನಿಲ್ಲಿಸಬೇಕು. ಆಗುಂಬೆಯಂಥ ಘಾಟಿಯಲ್ಲಿ ಆಕ್ಸಿಲರೇಟರ್ ಮುಚ್ಚಿ ಎಂಜಿನ್ನಿನ ಹಿಡಿತದಲ್ಲೇ ಉದ್ದಕ್ಕೂ ಇಳಿಯುವುದು ಈ ಗಾಡಿಗಳಿಗೆ ಸಲ್ಲದು, ಏಕೆಂದರೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲೇ. ಪೆಟ್ರೋಲು ನಿಂತರೆ ವೇಗವಾಗಿ ಸುತ್ತುತ್ತಿರುವ ಕ್ರ್ಯಾಂಕಿಗೂ ಪಿಸ್ಟನ್ನಿಗೂ ಎಣ್ಣೆ ನಿಲ್ಲುತ್ತದೆ. ಇಳಿಯುವಾಗ ಆಗಾಗ ಕ್ಲಚ್ ಹಿಡಿದು ಆಕ್ಸಿಲರೇಟರನ್ನು ಸ್ವಲ್ಪ ಕೊಡುತ್ತಿರಬೇಕು.

ಮೊದಲ ಸವಾರಿ ಮುಗಿದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ಡಿನ ನಟ್ಟುಗಳನ್ನು ಮತ್ತೆ ಬಿಗಿಮಾಡಿ, ಪಾಯಿಂಟಿನ ಗ್ಯಾಪನ್ನು ಇನ್ನೊಮ್ಮೆ ನೋಡಿ, ಗೇರ್ ಆಯಿಲಿನ ಮಟ್ಟವನ್ನು ಬರೆದಿಡಿ. ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಆ ಮಟ್ಟ ಇಳಿದಿರುವುದು ಕಂಡು, ಹೊರಗೆಲ್ಲೂ ಸೋರಿಕೆ ಇಲ್ಲದಿದ್ದರೆ, ಮೂರು ಬಿರಡೆ ಮತ್ತು ರಬ್ಬರ್ ಬುರುಡೆಯನ್ನು ಮತ್ತೆ ಹೊರತೆಗೆದು ಎಡಗಡೆಯ ಸೀಲನ್ನು ಪರೀಕ್ಷಿಸಬೇಕು.